ಕಿಟಕಿ ತೆರೆಯೋದು ಒಂದು ಗಂಟೆಗೆ

ನಮ್ಮ ಪಕ್ಕದ ಮನೆಯ ಹುಡುಗನಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿದೆ. ಆದರೆ ಮಡಿಕೇರಿಯ ನಮ್ಮ ಬೀದಿಯಲ್ಲಿ ಈಗ ಎಲ್ಲರೂ ಅವನನ್ನು ಕರೆಯುವುದು ‘ಹದಿನಾರೆಂಟು’ ಎಂದು. ದಿನದಲ್ಲಿ ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯೊಳಗೆ ಊಟ. ಆ ಎಂಟು ಗಂಟೆಗೆ ಅವನು ‘ವಿಂಡೋ’ ಅನ್ನುತ್ತಾನೆ. ಒಂದು ದಿನ ಬೆಳಗ್ಗೆ ಒಂಬತ್ತಕ್ಕೆ ಬಿಸಿಬಿಸಿ ಕಡಂಬುಟ್ಟು ಕೊಡಲು ಹೋದ ನನ್ನ ಹೆಂಡತಿಗೆ, “ಆಂಟೀ, ನನ್ನ ವಿಂಡೋ ತೆರೆಯೋದು ಒಂದು ಗಂಟೆಗೆ” ಎಂದನಂತೆ. ಇವಳು ಪಾತ್ರೆ ಸಮೇತ ವಾಪಸ್ ಬಂದು, “ಪಾಪ, ಆ ಹುಡುಗನ ರೂಮಿನ ಕಿಟಕಿ ಮಳೆಗೆ ಉಬ್ಬಿ ಕಚ್ಚಿಕೊಂಡಿದೆ ಅನ್ಸುತ್ತೆ ರೀ. ಆಚಾರಿ ಒಂದು ಗಂಟೆಗೆ ಬರ್ತಾನಂತೆ” ಎಂದಳು. ಕೊಡಗಿನಲ್ಲಿ ಇದು ನಂಬುವ ಮಾತೇ. ಜೂನಿನಲ್ಲಿ ಮುಚ್ಚಿದ ಕಿಟಕಿಯನ್ನು ಸೆಪ್ಟೆಂಬರಿನಲ್ಲಿ ತೆರೆಯಬೇಕಾದರೆ ನಮಗೆ ಸುತ್ತಿಗೆ ಬೇಕು.

ನಮ್ಮ ಕಾಲದಲ್ಲಿ ಊಟ ಬಿಡುವುದಕ್ಕೆ ಮೂರೇ ಕಾರಣ: ವ್ರತ, ಜ್ವರ, ಜಗಳ. ಏಕಾದಶಿ ಮಾಡುತ್ತಿದ್ದ ನಮ್ಮಜ್ಜಿ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ಪುಣ್ಯ ಸೋರಿಹೋಗುತ್ತದೆ ಎಂಬ ಹೆದರಿಕೆ. ಪೇಟೆಯ ಬೇಕರಿಯ ಇಕ್ಕ (ಅಂದರೆ ಅಣ್ಣ) ರಂಜಾನ್ ತಿಂಗಳಿಡೀ ನೀರೂ ಮುಟ್ಟದೆ ನಮಗೆಲ್ಲ ಎಗ್ ಪಫ್ಸ್ ಕಟ್ಟಿಕೊಡುತ್ತಾರೆ, ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹದಿನಾರೆಂಟಿನದು ಇವು ಮೂರಕ್ಕೂ ಸೇರದ ಉಪವಾಸ. ಇದರಲ್ಲಿ ಹೊಟ್ಟೆಗೆ ಮಾತ್ರ ರಜೆ, ಬಾಯಿಗೆ ಓವರ್‌ಟೈಮ್. ಬೆಳಗ್ಗೆ ಏಳಕ್ಕೆ ವಾಟ್ಸಾಪ್ ಸ್ಟೇಟಸ್: ‘ಹತ್ತು ಗಂಟೆ ಆಯ್ತು, ಇನ್ನಾರು ಬಾಕಿ.’ ಹಿನ್ನೆಲೆಯಲ್ಲಿ ತೋಳು. ಹನ್ನೊಂದಕ್ಕೆ ಇನ್ನೊಂದು ಸ್ಟೇಟಸ್, ಇನ್ನೊಂದು ತೋಳು. ಇಷ್ಟಕ್ಕೂ ಗಂಟೆ ಎಣಿಸುವುದು ಅವನಲ್ಲ, ಒಂದು ಆ್ಯಪ್. ತಿನ್ನಬೇಡ ಎಂದು ಹೇಳುವುದಕ್ಕೆ ಅದು ವರ್ಷಕ್ಕಿಷ್ಟು ಎಂದು ಚಂದಾ ವಸೂಲಿ ಮಾಡುತ್ತದೆ. ನೈವೇದ್ಯಕ್ಕೆ ಮುಂಚೆ ವಡೆಗೆ ಕೈ ಹಾಕಿದರೆ ನಮ್ಮಮ್ಮ ಇದೇ ಸೇವೆಯನ್ನು ಸೌಟಿನ ಹಿಡಿಯಲ್ಲಿ, ಪುಕ್ಕಟೆಯಾಗಿ ಒದಗಿಸುತ್ತಿದ್ದಳು.

ಬರೀ ಉಪವಾಸ ಆಗಿದ್ದರೆ ನಾನು ಈ ಅಂಕಣದ ಜಾಗ ದಂಡ ಮಾಡುತ್ತಿರಲಿಲ್ಲ. ಈ ಉಪವಾಸದ ನಟ್ಟನಡುವೆ, ಬೆಳಗ್ಗೆ ಆರೂವರೆಗೆ, ಜಿಮ್ಮಿಗೆ ಹೋಗಿ ಭಾರ ಎತ್ತಬೇಕು. ಜಿಮ್ ಇರುವುದು ಮೇಲಿನ ಮಹಡಿಯಲ್ಲಿ. ಅದರ ಸರಿಯಾಗಿ ಕೆಳಗೆ ಇಕ್ಕನ ಬೇಕರಿ. ಆ ಕಟ್ಟಡ ಕಟ್ಟಿಸಿದವನಿಗೆ ಎಂಥಾ ಹಾಸ್ಯಪ್ರಜ್ಞೆ ಇತ್ತೋ ದೇವರೇ ಬಲ್ಲ. ಆರೂವರೆಗೆ ಕೆಳಗೆ ಒಲೆಯಿಂದ ಬನ್ನಿನ ತಟ್ಟೆ ಹೊರಬರುತ್ತದೆ, ಮೇಲೆ ಹನ್ನೆರಡು ಜನ ಮೂಗು ಬಿಗಿಹಿಡಿದು ಬಾರ್‌ಬೆಲ್ ಎತ್ತುತ್ತಾರೆ. ಚಳಿಗಾಲದ ಮಂಜಿಗೆ ಕಿಟಕಿ ಮುಚ್ಚಿದರೂ ಮೆಟ್ಟಿಲಿನಿಂದ ಬೆಣ್ಣೆಯ ಪರಿಮಳ ಏರಿ ಬರುತ್ತದೆ. ವಿಶ್ವಾಮಿತ್ರನ ತಪಸ್ಸು ಕೆಡಿಸಲು ಮೇನಕೆಯನ್ನು ಸ್ವರ್ಗದಿಂದ ಇಳಿಸಬೇಕಾಯಿತು. ಇಲ್ಲಿ ಮೇನಕೆ ಗ್ರೌಂಡ್ ಫ್ಲೋರಿನಲ್ಲೇ ಇದ್ದಾಳೆ, ಹತ್ತು ರೂಪಾಯಿಗೆ.

ಹದಿನಾರೆಂಟಿನ ಸಿದ್ಧಾಂತ ಸರಳ. ಹೊಟ್ಟೆಯಲ್ಲಿ ಏನೂ ಇಲ್ಲದಾಗ ಭಾರ ಎತ್ತಿದರೆ ದೇಹ ಬೇರೆ ಗತಿಯಿಲ್ಲದೆ ನೇರವಾಗಿ ಕೊಬ್ಬಿಗೆ ಕೈ ಹಾಕುತ್ತದಂತೆ. ಇದನ್ನು ಅವನು ಹೇಳುವಾಗ ದೇಹ ಎಂದರೆ ಸಾಲಗಾರನ ಮನೆಗೆ ಜಪ್ತಿಗೆ ಬಂದ ಅಮೀನ ಅನ್ನಿಸುತ್ತದೆ. ನಿಜಸ್ಥಿತಿ ಇಷ್ಟು ರೋಚಕವಲ್ಲ. ರಾತ್ರಿಯ ಉಪವಾಸದಲ್ಲಿ ಕರಗುತ್ತ ಬರುವುದು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು. ಸ್ನಾಯುಗಳಲ್ಲಿ ಕೂಡಿಟ್ಟದ್ದು ಬೆಳಗ್ಗೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಬಾರ್‌ಬೆಲ್ ಎತ್ತುವಾಗ ಮುಖ್ಯವಾಗಿ ಖರ್ಚಾಗುವುದು ಅದೇ. ಅಂದರೆ ಹುಡುಗ ಬೆಳಗ್ಗೆ ಎಂಬತ್ತು ಕಿಲೋ ಎತ್ತುವುದು ನಿನ್ನೆ ರಾತ್ರಿ ಅವನಮ್ಮ ತಟ್ಟಿದ ಅಕ್ಕಿರೊಟ್ಟಿಯ ಬಲದಿಂದ. ಸ್ಟೇಟಸ್ಸಿನಲ್ಲಿ ಅಕ್ಕಿರೊಟ್ಟಿಯ ಫೋಟೊ ಮಾತ್ರ ಇರುವುದಿಲ್ಲ.

ಉಪವಾಸದ ಹೊತ್ತಿನಲ್ಲಿ ಕಾಫಿ ಕುಡಿಯಬಹುದಂತೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಗೆ ಇದಕ್ಕಿಂತ ಸಿಹಿಸುದ್ದಿ ಏನಿದೆ ಎಂದು ನಾನೂ ಹಿಗ್ಗಿದೆ. ಆಮೇಲೆ ಗೊತ್ತಾಯಿತು, ಹಾಲು ಇಲ್ಲ, ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ. ಬೆಲ್ಲ ಇಲ್ಲದ ಮೇಲೆ ಅದೆಂಥಾ ಕೊಡಗಿನ ಕಾಫಿ? ಹಂಡೆಯಲ್ಲಿ ಬೆಲ್ಲದ ಕಾಫಿ ಕುದಿಸಿ, ಬಂದವರಿಗೆಲ್ಲ ಲೋಟ ತುಂಬ ಸುರಿದು ಬೆಳೆದ ಊರು ಇದು. ಹದಿನಾರೆಂಟಿನ ಮನೆಯಲ್ಲಿ ಹತ್ತಾರು ಎಕರೆ ತೋಟವಿದೆ. ಅಂಥ ಮನೆಯಲ್ಲಿ ಕೂತು ಅವನು ಬೆಳಗಿನ ಜಾವ ಕುಡಿಯುವ ಕಪ್ಪು ನೀರನ್ನು ನಾನೊಮ್ಮೆ ರುಚಿ ನೋಡಿದೆ. ಆಷಾಢದಲ್ಲಿ ತೋಟದ ಚರಂಡಿ ಹೀಗೇ ಇರಬಹುದು.

ಇನ್ನು ‘ಬಿಸಿಎಎ’ ಎಂಬ ಪುಡಿಯ ಕತೆ. ಉಪವಾಸದಲ್ಲಿ ಭಾರ ಎತ್ತಿದರೆ ಸ್ನಾಯು ಕರಗೀತು ಎಂಬ ಭಯಕ್ಕೆ ಇದನ್ನು ನೀರಿಗೆ ಹಾಕಿ ಕುಡಿಯುತ್ತಾರೆ. ಕಲ್ಲಂಗಡಿ ರುಚಿ, ಟಾರ್ಚ್ ಬಿಟ್ಟ ಹಾಗೆ ಹೊಳೆಯುವ ಬಣ್ಣ. ಅದೂ ಅಮಿನೊ ಆಮ್ಲವೇ, ಪ್ರೋಟೀನಿನ ಚೂರೇ, ಅಂದರೆ ಆಹಾರವೇ. ಹಾಗಾದರೆ ಉಪವಾಸ ಮುರಿಯಿತಲ್ಲ ಎಂದರೆ, “ಅದು ಊಟ ಅಲ್ಲ ಅಂಕಲ್, ಸಪ್ಲಿಮೆಂಟು” ಎನ್ನುತ್ತಾನೆ. ಮನೆಯಲ್ಲಿ ಎರಡು ಮೊಟ್ಟೆ ಬೇಯಿಸಿ ತಿಂದರೆ ಪಾಪ, ಸಾವಿರಾರು ರೂಪಾಯಿಯ ಡಬ್ಬದಿಂದ ಕುಡಿದರೆ ಮಡಿ. ನಮ್ಮ ಹಳೆಯ ಮಡಿ ಮೈಲಿಗೆಗೂ ಇಷ್ಟು ನಾಜೂಕು ಇರಲಿಲ್ಲ.

ಕಳೆದ ಮೇ ತಿಂಗಳಲ್ಲಿ ವಿರಾಜಪೇಟೆಯಲ್ಲಿ ಒಂದು ಮದುವೆ. ಹನ್ನೆರಡು ಕಾಲಿಗೇ ಮೊದಲ ಪಂಕ್ತಿ. ಊಟದ ಹಾಲಿನ ಬಾಗಿಲಲ್ಲಿ ಐದು ಜನ ಗಟ್ಟಿಮುಟ್ಟಾದ ಹುಡುಗರು ಕೈಕಟ್ಟಿ ನಿಂತಿದ್ದರು. ಬಡಿಸುವವರಿರಬೇಕು ಎಂದುಕೊಂಡು ಒಬ್ಬರು ಹಿರಿಯರು, “ಇಲ್ಲಿಗೆ ಸ್ವಲ್ಪ ಪಂದಿ ಕರಿ ಹಾಕಿಸಪ್ಪಾ” ಎಂದರು. ಹುಡುಗ ಮೊಬೈಲ್ ನೋಡಿ, “ಇನ್ನೂ ನಲವತ್ತೆರಡು ನಿಮಿಷ ಇದೆ” ಎಂದ. ಆ ಹಿರಿಯರು ಗಾಬರಿಯಾಗಿ, ಹಂದಿ ಇನ್ನೂ ಬೆಂದಿಲ್ಲವಂತೆ ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು ಇನ್ನೊಬ್ಬರಿಗೆ. ಎರಡು ಸಾಲು ದಾಟುವಷ್ಟರಲ್ಲಿ ಹೆಣ್ಣಿನ ಕಡೆಯವರಿಗೂ ಅಡುಗೆಯವರಿಗೂ ಮಾತಿಗೆ ಮಾತು ಬೆಳೆದಿತ್ತು. ಸರಿಯಾಗಿ ಒಂದಕ್ಕೆ ಐವರ ಕಿಟಕಿಯೂ ತೆರೆಯಿತು. ಆಗ ಪಾತ್ರೆಯ ತಳದಲ್ಲಿ ಉಳಿದದ್ದು ಕಾಚಂಪುಳಿಯ ಹುಳಿ ಹತ್ತಿದ ಮಸಾಲೆ, ಎರಡು ಎಲುಬು.

ಅದೇ ಮದುವೆಯ ಸಂಜೆ, ಮಂಟಪದ ಹಿಂದಿನ ಅಂಗಳದಲ್ಲಿ, ವಿಸ್ಕಿ ಕುಡಿದರೆ ಉಪವಾಸ ಮುರಿಯುತ್ತದೆಯೇ ಎಂಬ ಬಗ್ಗೆ ಗಂಭೀರ ಚರ್ಚೆ ನಡೆಯಿತು. ನೀರು ಬೆರೆಸದಿದ್ದರೆ ಮುರಿಯುವುದಿಲ್ಲ ಎಂದು ಒಬ್ಬ ಸಾಧಿಸಿದ. ಮದ್ಯಸಾರದ ಒಂದು ಗ್ರಾಮಿಗೆ ಏಳು ಕ್ಯಾಲೊರಿ, ಸಕ್ಕರೆಗೆ ನಾಲ್ಕೇ, ಎಂದು ನಾನು ಮೆಲ್ಲಗೆ ಹೇಳಿದೆ. ಕೊಡಗಿನಲ್ಲಿ ಕೆಲವು ಸತ್ಯಗಳನ್ನು ಕತ್ತಲಾದ ಮೇಲೆ ಹೇಳಬಾರದು ಎಂಬುದು ಐವತ್ತಮೂರು ವರ್ಷವಾದರೂ ನನಗೆ ತಿಳಿದಿಲ್ಲ.

ವಿಜ್ಞಾನ ಕೇಳಿದರೆ ಹದಿನಾರೆಂಟು ನೊಬೆಲ್ ತೆಗೆಯುತ್ತಾನೆ. “ಅಂಕಲ್, 2016ರಲ್ಲಿ ಇದಕ್ಕೇ ನೊಬೆಲ್ ಬಂದಿದೆ, ಆಟೋಫೇಜಿ!” ಬಂದದ್ದು ನಿಜ. ಜಪಾನಿನ ಯೋಶಿನೊರಿ ಓಸುಮಿ ಅವರಿಗೆ. ಜೀವಕೋಶ ತನ್ನೊಳಗಿನ ಹಳೆಯ ಸಾಮಾನನ್ನು ತಾನೇ ಕರಗಿಸಿ ಮತ್ತೆ ಬಳಸಿಕೊಳ್ಳುವ ಬಗೆಯನ್ನು ಅವರು ಬಿಡಿಸಿ ತೋರಿಸಿದರು. ತೋರಿಸಿದ್ದು ಯೀಸ್ಟಿನಲ್ಲಿ. ಕೆಳಗೆ ಇಕ್ಕನ ಬನ್ನನ್ನು ಉಬ್ಬಿಸುತ್ತದಲ್ಲ, ಅದೇ ಯೀಸ್ಟ್. ಅವರು ಆ ಯೀಸ್ಟನ್ನು ಉಪವಾಸ ಕೆಡವಿದ್ದು ಹೌದು, ಆದರೆ ಅದರ ಕೈಗೆ ಡಂಬೆಲ್ ಕೊಟ್ಟ ದಾಖಲೆ ಇಲ್ಲ. ಒಟ್ಟಿನಲ್ಲಿ ನೊಬೆಲ್ ಬಂದದ್ದು ಕೆಳಗಿನ ಮಹಡಿಗೆ, ಸಂಭ್ರಮ ಮೇಲಿನ ಮಹಡಿಯಲ್ಲಿ.

ಸರಿ, ನಿನ್ನೊಳಗೆ ಈಗ ಆಟೋಫೇಜಿ ನಡೆಯುತ್ತಿದೆ ಎಂದು ಹೇಗೆ ಗೊತ್ತು ಎಂದು ಕೇಳಿದೆ. ‘ಫೀಲ್’ ಆಗುತ್ತದಂತೆ. ಈ ವಿಷಯದಲ್ಲಿ ನಮ್ಮ ಕಕ್ಕಡ ತಿಂಗಳ ಮದ್ದು ಸೊಪ್ಪು ಎಷ್ಟೋ ಪ್ರಾಮಾಣಿಕ. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರ, ಆ ಸೊಪ್ಪಿಗೆ ಹದಿನೆಂಟು ಮದ್ದಿನ ಗುಣ ಬರುತ್ತದೆ ಎಂದು ನಂಬಿಕೆ. ಅದರ ರಸದಲ್ಲಿ ನೇರಳೆ ಬಣ್ಣದ ಪಾಯಸ ಮಾಡಿ ಉಣ್ಣುತ್ತೇವೆ. ಹದಿನೆಂಟೂ ಇದೆಯೋ ಇಲ್ಲವೋ ನಾನು ವಾದಿಸಲಾರೆ. ಆದರೆ ಮರುದಿನ ಬೆಳಗ್ಗೆ ಮೂತ್ರಕ್ಕೆ ಹೋದಾಗ ಕೆಂಪಗೆ ಕಾಣುತ್ತದೆ, ಒಳಗೆ ಏನೋ ಹೋಗಿದೆ ಎಂಬುದಕ್ಕೆ ರಸೀದಿ ಸಿಗುತ್ತದೆ. ಹೊರಗಿನಿಂದ ಬಂದ ನೆಂಟರು ಅದನ್ನು ನೋಡಿ ಡಾಕ್ಟರ ಹತ್ತಿರ ಓಡಿದ್ದೂ ಉಂಟು. ಆಟೋಫೇಜಿಯಲ್ಲಿ ರಸೀದಿ ಇಲ್ಲ, ಬರೀ ಚಂದಾ.

ಬಿಡದೆ ಅವನೊಂದು ಅಧ್ಯಯನವನ್ನೂ ಕಳಿಸಿದ. ಇಟಲಿಯ ಸಂಶೋಧಕರದು, 2016ರದು. ಭಾರ ಎತ್ತಿ ಪಳಗಿದ 34 ಗಂಡಸರು, ಎಂಟು ವಾರ. ಅರ್ಧದಷ್ಟು ಜನ ಹದಿನಾರು ಗಂಟೆ ಉಪವಾಸ, ಉಳಿದವರು ಮಾಮೂಲಿ ಊಟ. ಉಪವಾಸದವರ ಕೊಬ್ಬು ಇಳಿಯಿತು, ಸ್ನಾಯುವೂ ಬಲವೂ ಉಳಿದವು. “ಓದಿ ಅಂಕಲ್, ಓದಿ!” ಎಂದ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಾಗದ ಓದಿದವನು ನಾನು, ಸಣ್ಣಕ್ಷರ ಬಿಡುತ್ತೇನೆಯೇ? ಓದಿದೆ. ಆ ಪುಣ್ಯಾತ್ಮರು ಮಧ್ಯಾಹ್ನ ಒಂದಕ್ಕೆ ಉಂಡು, ಸಂಜೆ ನಾಲ್ಕರಿಂದ ಆರರೊಳಗೆ ಭಾರ ಎತ್ತಿದ್ದರು. ಖಾಲಿ ಹೊಟ್ಟೆಯಲ್ಲಲ್ಲ! ಅದನ್ನು ತೋರಿಸಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಇಟಲಿಯವರು ಅಂಕಲ್, ನಮ್ಮ ಜೀನ್ಸ್ ಬೇರೆ” ಎಂದ. ಅಮೆರಿಕದಲ್ಲಿ 116 ಜನರ ಮೇಲೆ ಹನ್ನೆರಡು ವಾರ ನಡೆಸಿ 2020ರಲ್ಲಿ ಪ್ರಕಟಿಸಿದ ಇನ್ನೊಂದರಲ್ಲಿ, ಹದಿನಾರು ಗಂಟೆ ಉಪವಾಸ ಇದ್ದವರಿಗೂ ಮೂರು ಹೊತ್ತು ತಿಂದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದನ್ನು ನಾನು ಕಳಿಸಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಜನವರಿಯಲ್ಲಿ ಅವರ ತೋಟದಲ್ಲಿ ರೋಬಸ್ಟಾ ಕೊಯ್ಲು. ಸಂಜೆ ತೂಕದ ಹೊತ್ತಿಗೆ ನಾನೂ ಹೋಗಿದ್ದೆ. ಕೊಯ್ದವರು ತಂತಮ್ಮ ಚೀಲ ಹೊತ್ತು ಇಳಿಜಾರಿನಲ್ಲಿ ಬರುತ್ತಾರೆ, ಒಬ್ಬೊಬ್ಬರ ತಲೆಯ ಮೇಲೂ ಐವತ್ತು ಕಿಲೋಗೆ ಹತ್ತಿರದ ಹಣ್ಣು. ಸೆಟ್ ಇಲ್ಲ, ರೆಪ್ ಇಲ್ಲ, ಕನ್ನಡಿ ಇಲ್ಲ. ಕಾಲಡಿಯಲ್ಲಿ ಜಾರುವ ದರಗು. ತಕ್ಕಡಿಯ ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿದು ಕುರ್ಚಿಯಲ್ಲಿ ಕೂತಿದ್ದವನು ಹದಿನಾರೆಂಟು. ಒಂದು ಚೀಲ ಮಗುಚಿ ಬಿತ್ತು. “ಸ್ವಲ್ಪ ಕೈ ಕೊಡಿ ಅಣ್ಣ” ಎಂದಳು ಹೆಂಗಸೊಬ್ಬಳು. ಇವನು ಎದ್ದ, ಚೀಲದ ಸುತ್ತ ಒಂದು ಪ್ರದಕ್ಷಿಣೆ ಬಂದ. ಹಿಡಿಯಲು ಸರಿಯಾದ ‘ಗ್ರಿಪ್’ ಇಲ್ಲವಂತೆ, ಬೆನ್ನಿನ ‘ಫಾರ್ಮ್’ ಕೆಡುತ್ತದಂತೆ, ಇವತ್ತು ‘ರೆಸ್ಟ್ ಡೇ’ ಬೇರೆಯಂತೆ. ಅಷ್ಟರಲ್ಲಿ ಅವಳೇ ಮೊಣಕಾಲು ಕೊಟ್ಟು ಚೀಲವನ್ನು ತಕ್ಕಡಿಗೆ ಏರಿಸಿದಳು. ಅವಳು ಬೆಳಗ್ಗೆ ರೊಟ್ಟಿ ತಿಂದೇ ತೋಟಕ್ಕಿಳಿದವಳು, ಹತ್ತೂವರೆಗೆ ಮರದ ಬುಡದಲ್ಲಿ ಬುತ್ತಿ ಬಿಚ್ಚಿದವಳು. ಇವನು ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲ ಎಂದು ಯಾರೋ ಹೇಳಿದಾಗ ಅವಳು ನಗಲಿಲ್ಲ. ದನಿ ತಗ್ಗಿಸಿ ಕೇಳಿದಳು: “ಯಾಕಣ್ಣ, ಮನೇಲಿ ಜಗಳವಾ?”

ಅವನ ದೊಡ್ಡಪ್ಪ ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಕೊಡಗಿನಲ್ಲಿ ಎರಡು ಮನೆಗೊಬ್ಬರು ಇಂಥವರಿರುತ್ತಾರೆ, ಆರೋಗ್ಯದ ಬಗ್ಗೆ ಅವರ ಮಾತಿಗೆ ಡಾಕ್ಟರೂ ಎದುರಾಡುವುದಿಲ್ಲ. “ಬೆಳಗ್ಗೆ ಪಿ.ಟಿ.ಗೆ ಮುಂಚೆ ನಮಗೆ ಮಗ್ಗು ತುಂಬ ಟೀ, ಜೊತೆಗೆ ಶಕ್ಕರ್‌ಪಾರೆ. ಅದು ಕುಡಿದೇ ಓಡಿದ್ದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಊರಪ್ಪ ಇದು, ಯಾರೂ ಗಡಿಯಾರ ನೋಡಿಕೊಂಡು ಹಸಿಯಲಿಲ್ಲ” ಎಂದು ಅವರು ಗುಡುಗಿದಾಗ ಇವನು, “ದೊಡ್ಡಪ್ಪ, ಅದು ಹಳೇ ಸೈನ್ಸ್” ಎಂದ. ಹಳೇ ಸೈನ್ಸಿನವರು ಎಪ್ಪತ್ತೆರಡರಲ್ಲೂ ಬೆಟ್ಟ ಹತ್ತುತ್ತಾರೆ ಎಂಬುದನ್ನು ಆ್ಯಪಿನಲ್ಲಿ ನಮೂದಿಸಲು ಕಾಲಂ ಇಲ್ಲ.

ಆ ಕೊಯ್ಲಿಗೆ ಒಂದೂವರೆ ತಿಂಗಳ ಮುಂಚೆ, ನಮ್ಮ ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಇದೇ ಇಬ್ಬರು ಮುಖಾಮುಖಿಯಾದದ್ದನ್ನು ಹೇಳಲೇಬೇಕು. ಅವರ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ನಮಗೂ ಕರೆಯಿತ್ತು. ಹುತ್ತರಿಗೆ ಎಲ್ಲಕ್ಕೂ ಹೊತ್ತು ಗೊತ್ತುಪಡಿಸುತ್ತಾರೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗಿ, ನೆರೆ (ಎಲೆಗಳ ಕಟ್ಟು) ಕಟ್ಟುವುದು ಇಷ್ಟು ಗಂಟೆಗೆ, ಕದಿರು ತೆಗೆಯುವುದು ಇಷ್ಟು ಗಂಟೆಗೆ, ಊಟ ಇಷ್ಟು ಗಂಟೆಗೆ ಎಂದು ನಿಮಿಷ ಸಮೇತ ಪೇಪರಿನಲ್ಲಿ ಬರುತ್ತದೆ. ಅಂದರೆ ಕಿಟಕಿ ನಮಗೇನು ಹೊಸದಲ್ಲ, ನಮ್ಮದನ್ನು ದೇವರೇ ತೆರೆಯುತ್ತಾನೆ. ತೊಂದರೆ ಏನೆಂದರೆ, ಆ ವರ್ಷ ದೇವರ ಕಿಟಕಿ ತೆರೆದದ್ದು ರಾತ್ರಿ ಹತ್ತರ ಮೇಲೆ. ಹದಿನಾರೆಂಟಿನದು ಒಂಬತ್ತಕ್ಕೇ ಮುಚ್ಚಿತ್ತು.

ಬೆಳದಿಂಗಳಲ್ಲಿ ಗದ್ದೆಗೆ ಹೋದೆವು. ಕದಿರು ಕೊಯ್ಯುವಾಗ ಕೋವಿಯ ಗುಂಡು ಹಾರಿತು, ಎಲ್ಲರೂ “ಪೊಲಿ ಪೊಲಿ ದೇವಾ” ಎಂದು ಕೂಗಿದೆವು. ಹೆಚ್ಚಲಿ, ತುಂಬಲಿ ಎಂಬ ಕೂಗು. ಎಲ್ಲರಿಗಿಂತ ಜೋರಾಗಿ ಕೂಗಿದವನು ಹದಿನಾರೆಂಟು, ಒಳ್ಳೆಯ ಎದೆ ಇದೆಯಲ್ಲ. ಮನೆಗೆ ಬಂದು ಹೊಸ ಅಕ್ಕಿ ಬೆರೆಸಿದ ಪಾಯಸ, ತಂಬುಟ್ಟು ಎಲೆಗೆ ಬಿದ್ದಾಗ ಇವನು ಎಲೆಯ ಮುಂದೆ ಕೂತು ಮೊಬೈಲ್ ತೆಗೆದ. ಈಗ ಉಂಡರೆ ನಾಳೆ ಮಧ್ಯಾಹ್ನ ಎರಡು ಕಾಲಿನವರೆಗೆ ಕಿಟಕಿ ತೆರೆಯುವಂತಿಲ್ಲ, ಬೆಳಗ್ಗೆ ಜಿಮ್ಮಿಗೆ ಹೋಗುವ ಹೊತ್ತಿಗೆ ಒಂಬತ್ತು ಗಂಟೆಯ ಉಪವಾಸವೂ ಆಗುವುದಿಲ್ಲ, ‘ಲೆಗ್ ಡೇ’ ಹಾಳು. ದೊಡ್ಡಪ್ಪ ಕೋವಿಯನ್ನು ಇನ್ನೂ ಗೋಡೆಗೆ ಒರಗಿಸಿರಲಿಲ್ಲ. “ಇಗ್ಗುತ್ತಪ್ಪ ಕೊಟ್ಟ ಟೈಮ್ ದೊಡ್ಡದೋ, ನಿನ್ನ ಫೋನ್ ಕೊಟ್ಟ ಟೈಮ್ ದೊಡ್ಡದೋ?” ಎಂದರು. ಕೈಯಲ್ಲಿ ಕೋವಿ ಇದ್ದವರ ಪ್ರಶ್ನೆಗೆ ಅಧ್ಯಯನ ಹುಡುಕಿ ಕಳಿಸುವುದಕ್ಕಾಗುವುದಿಲ್ಲ. ಮೂರು ಸಲ ಪಾಯಸ ಹಾಕಿಸಿಕೊಂಡ. ಅವನ ಮೊಬೈಲ್ ಎಲೆಯ ಪಕ್ಕದಲ್ಲಿ ಎರಡು ಸಲ ಗುರ್ ಅಂದು ಸುಮ್ಮನಾಯಿತು.

ಇಷ್ಟೆಲ್ಲ ನಕ್ಕವನು ನಾನು ಯಾಕೆ ಸೇರಿದೆ ಎಂದರೆ, ಸೊಂಟದ ಬೆಲ್ಟಿಗೆ ಹೊಸ ತೂತು ಹೊಡೆಸಿದ ದಿನ ಮನುಷ್ಯ ಏನು ಬೇಕಾದರೂ ನಂಬುತ್ತಾನೆ. ಕೊಯ್ಲು ಮುಗಿಯುವ ಹೊತ್ತಿಗೆ ನಾನೂ ರಾತ್ರಿ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಬೆಳಗ್ಗೆ ಬೆಲ್ಲವಿಲ್ಲದ ಚರಂಡಿ ನೀರು ಕುಡಿದು ಮೆಟ್ಟಿಲು ಹತ್ತತೊಡಗಿದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೂ ಬರುತ್ತೇನೆಂದು ಹೊರಟಿದ್ದರು. ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು. ಪುಣ್ಯಕ್ಕೆ ಮೊದಲು ಡಾಕ್ಟರನ್ನು ಕೇಳಿದರು. “ಆ ಮಾತ್ರೆ ನುಂಗಿ ಉಪವಾಸ ಇದ್ದು ಭಾರ ಎತ್ತಿದರೆ ಸಕ್ಕರೆ ಕುಸಿದು ನೀವು ಕೆಳಗೆ, ಕಬ್ಬಿಣ ಮೇಲೆ” ಎಂದರಂತೆ ಅವರು. ಮೇಷ್ಟ್ರು ಬದುಕಿಕೊಂಡರು. ನನಗೆ ಸಕ್ಕರೆ ಇಲ್ಲ, ಹಾಗಾಗಿ ಕೇಳುವ ಬುದ್ಧಿಯೂ ಇರಲಿಲ್ಲ.

ಒಂಬತ್ತನೇ ದಿನ. ನೆಲದಿಂದ ನಲವತ್ತು ಕಿಲೋ ಎತ್ತಬೇಕು. ಕೆಳಗೆ ಇಕ್ಕ ಅವತ್ತು ದಿಲ್‌ಪಸಂದ್ ಹಾಕಿದ್ದರು, ಕೊಬ್ಬರಿ ಟೂಟಿಫ್ರೂಟಿ ಬೆಂದ ವಾಸನೆ. ಮೂಗಿಗೆ ಬರದಿರಲಿ ಎಂದು ಉಸಿರು ಬಿಗಿಹಿಡಿದು ಎತ್ತಿದೆ. ಬಾರ್ ಮೊಣಕಾಲು ದಾಟಿದ್ದು ನೆನಪಿದೆ. ಕನ್ನಡಿಯಲ್ಲಿ ನನ್ನ ಮುಖ ಬೆಳ್ಳಗಾದದ್ದೂ ನೆನಪಿದೆ. ಆಮೇಲೆ ಮೂಗಿಗೆ ಬಡಿದದ್ದು ರಬ್ಬರ್ ಚಾಪೆಯ ವಾಸನೆ, ಅದರಲ್ಲಿ ಹತ್ತಾರು ಜನರ ಬೆವರು. ಕಣ್ಣು ಬಿಟ್ಟಾಗ ಸುತ್ತ ಹನ್ನೊಂದು ತೋಳುಗಳು. ಯಾರೋ ಓಡಿಹೋಗಿ ಇಕ್ಕನನ್ನೇ ಕರೆತಂದಿದ್ದರು. ಅವರು ಏನೂ ಕೇಳದೆ ಮೂರು ಚಮಚ ಸಕ್ಕರೆಯ ಟೀಯಲ್ಲಿ ಬನ್ನು ಅದ್ದಿ ನನ್ನ ಬಾಯಿಗಿಟ್ಟರು. ಐವತ್ತಮೂರು ವರ್ಷದಲ್ಲಿ ಅಂಥ ಬನ್ನನ್ನು ನಾನು ತಿಂದಿಲ್ಲ. ಎರಡನೇ ತುತ್ತಿಗೆ ಜಿಮ್ ಮಾಸ್ಟರು ಗಡಿಯಾರ ನೋಡಿ, ನಿಜವಾದ ಮರುಕದಿಂದ ಹೇಳಿದರು: “ಛೇ ಅಂಕಲ್, ಇನ್ನಾರೇ ಗಂಟೆ ಬಾಕಿ ಇತ್ತಲ್ಲ.”

ಡಾಕ್ಟರು ನೋಡಿ, ಹಸಿವಿಗಿಂತ ಉಸಿರು ಬಿಗಿಹಿಡಿದು ಎತ್ತಿದ್ದರಿಂದ ರಕ್ತದೊತ್ತಡ ಏರಿ ದಿಢೀರ್ ಇಳಿದದ್ದು, ನೀರು ಕಡಿಮೆ ಕುಡಿದದ್ದು ಕಾರಣ ಇರಬಹುದು ಎಂದರು. ಈ ಮಾತು ನನಗಿಂತ ಮೊದಲು ಹದಿನಾರೆಂಟಿನ ಕಿವಿಗೆ ತಲುಪಿತು. “ನೋಡಿ ಅಂಕಲ್, ತಪ್ಪು ಫಾಸ್ಟಿಂಗಿಂದಲ್ಲ! ನೀವು ಉಸಿರಾಡಬೇಕಿತ್ತು” ಎಂದು ಗೆದ್ದ ಮುಖದಲ್ಲಿ ಬಂದ. ನಾನು ಉಸಿರಾಡದೆ ಇದ್ದದ್ದು ಯಾಕೆ ಎಂದು ಅವನಿಗೆ ವಿವರಿಸಲು ದಿಲ್‌ಪಸಂದಿನ ವಿಷಯ ಎತ್ತಬೇಕಾಗುತ್ತಿತ್ತು. ಆಗ ಹನ್ನೊಂದೂಮುಕ್ಕಾಲು ಗಂಟೆ. ಹುಡುಗನ ಹೊಟ್ಟೆ ಉರಿಸುವುದು ಬೇಡ ಎಂದು ಸುಮ್ಮನಾದೆ.

ಈಗಲೂ ಜಿಮ್ಮಿಗೆ ಹೋಗುತ್ತೇನೆ. ವರ್ಷದ ಫೀಸು ಕಟ್ಟಿ ಆಗಿದೆ, ವಾಪಸ್ ಕೊಡುವುದಿಲ್ಲವಂತೆ. ಬೆಳಗ್ಗೆ ಆರೂಕಾಲಿಗೆ, ಮಂಜಿನಲ್ಲಿ ಮಫ್ಲರ್ ಸುತ್ತಿಕೊಂಡು ಕಟ್ಟಡದ ಎದುರು ನಿಲ್ಲುತ್ತೇನೆ. ಇಕ್ಕ ಅರ್ಧ ಎತ್ತಿದ ಶಟರಿನ ಕೆಳಗಿಂದ ಬಗ್ಗಿ ನೋಡಿ ಕೇಳುತ್ತಾರೆ:

“ಸಾರ್, ಇವತ್ತು ಮೊದಲು ಮೇಲಾ, ಮೊದಲು ಕೆಳಗಾ?”